ಉಳಿಸಿದವನು ಉಳಿಸಿಕೊಂಡಾಗ: ಮಲೆನಾಡಿನ ದೊರೆಯ ಮನೆಯಲ್ಲಿ ಸೆರೆಯಾಗುವ ದಾರಿಹೋಕನ ಕಥೆ ಬರೆಯುವ ಕ್ರಮ

ಕನ್ನಡದಲ್ಲಿ ‘ಜೀವ ಉಳಿಸಿದ’ ಎಂಬ ಮಾತಿಗೂ ‘ಮನೆಯಲ್ಲಿ ಉಳಿಸಿಕೊಂಡ’ ಎಂಬ ಮಾತಿಗೂ ನಡುವೆ ಇರುವುದು ‘ಕೊಂಡ’ ಎಂಬ ಒಂದು ತುಣುಕು ಮಾತ್ರ. ‘ಕಾಪಾಡು’ ಮತ್ತು ‘ಕಾವಲು’ ಎಂಬ ಪದಗಳ ಬೇರೂ ಒಂದೇ. ಕಳ್ಳನು ಒಳಗೆ ಬಾರದಂತೆ ನಿಂತಿರುವ ಕಾವಲುಗಾರನು ಒಳಗಿರುವವನು ಹೊರಗೆ ಹೋಗದಂತೆಯೂ ತಡೆಯಬಲ್ಲನು; ಅದಕ್ಕಾಗಿ ಅವನು ನಿಂತ ಜಾಗ ಬಿಡಬೇಕಾಗಿಲ್ಲ, ಮುಖ ತಿರುಗಿಸಿದರೆ ಸಾಕು. ಆಪತ್ತಿನಲ್ಲಿದ್ದ ದಾರಿಹೋಕನನ್ನು ಮೋಹಕ ನಡವಳಿಕೆಯ ಸಿರಿವಂತನೊಬ್ಬ ಕಾಪಾಡುವ, ಕ್ರಮೇಣ ಆ ಕಾಪಾಡುವಿಕೆಯೇ ಸೆರೆಯಾಗುವ ಕಥೆಯನ್ನು ಬರೆಯಹೊರಟವರು ಯುರೋಪಿನ ಕೋಟೆ ಮತ್ತು ಕೌಂಟ್ ಎಂಬ ಸಾಮಂತರ ಕಡೆ ನೋಡುವ ಮೊದಲು ನಮ್ಮ ಕ್ರಿಯಾಪದಗಳ ಕಡೆ ನೋಡುವುದು ಒಳ್ಳೆಯದು.

ಕಥಾವಸ್ತುವೂ ನಮಗೆ ಹೊಸದಲ್ಲ. ಉದ್ಯೋಗಪರ್ವದಲ್ಲಿ ಶಲ್ಯನು ಪಾಂಡವರ ಪಕ್ಷ ಸೇರಲು ಸೈನ್ಯಸಮೇತ ಹೊರಟಿರುತ್ತಾನೆ. ದುರ್ಯೋಧನನು ದಾರಿಯುದ್ದಕ್ಕೂ ಬಿಡಾರಗಳನ್ನು ಕಟ್ಟಿಸಿ, ಊಟೋಪಚಾರಕ್ಕೆ ಏನೂ ಕೊರತೆಯಾಗದಂತೆ ನೋಡಿಕೊಂಡು, ತಾನು ಮರೆಯಲ್ಲಿ ಉಳಿಯುತ್ತಾನೆ. ಇದೆಲ್ಲ ಧರ್ಮರಾಯನ ಏರ್ಪಾಡೆಂದು ಭಾವಿಸಿದ ಶಲ್ಯನು ಸಂತೋಷದಿಂದ, ಉಪಚರಿಸಿದವರಿಗೆ ಬೇಡಿದ್ದನ್ನು ಕೊಡುವೆನೆನ್ನುತ್ತಾನೆ. ಆಗ ದುರ್ಯೋಧನ ಎದುರಿಗೆ ಬಂದು ನಿಲ್ಲುತ್ತಾನೆ. ಸೋದರಮಾವನು ಅಳಿಯಂದಿರ ವಿರುದ್ಧ ಯುದ್ಧಕ್ಕೆ ನಿಂತದ್ದು ಒಂದು ಊಟದ ಋಣದಿಂದ. ಅಲ್ಲಿ ಸರಪಳಿಯಾಗಲಿ ಬೀಗವಾಗಲಿ ಇಲ್ಲ. ನಾನು ಮುಂದೆ ಹೇಳುವ ಕ್ರಮಕ್ಕೆಲ್ಲ ಇದೇ ಆಧಾರ: ಸೆರೆಗೆ ಬೇಕಾದ ಸಾಮಾನುಗಳೆಲ್ಲ ಉಪಚಾರದೊಳಗೇ ಇರಬೇಕು, ಕಥೆಯ ನಡುವೆ ಹೊರಗಿನಿಂದ ಯಾವುದನ್ನೂ ತರಬಾರದು.

ಉದಾಹರಣೆಗಾಗಿ ನಾನೇ ಮೂರು ಸಲ ಬರೆದು ಎರಡು ಸಲ ಹರಿದು ಹಾಕಿದ ಕಥೆಯೊಂದನ್ನು ಇಟ್ಟುಕೊಳ್ಳುತ್ತೇನೆ. ಕಾಲ 1975ರ ಮಳೆಗಾಲ, ಸ್ಥಳ ಸಕಲೇಶಪುರದಿಂದ ಹೆತ್ತೂರು, ಬಿಸಿಲೆ ಕಡೆಗೆ ಹೋಗುವ ದಾರಿಯ ಒಳಭಾಗ. ದಾರಿಹೋಕ, ಅರಸೀಕೆರೆ ಕಡೆಯ ಬಯಲುಸೀಮೆಯಿಂದ ಮೊದಲ ನೇಮಕಾತಿಯ ಆದೇಶ ಹಿಡಿದು ಬಂದ ಪ್ರಾಥಮಿಕ ಶಾಲೆಯ ಮೇಷ್ಟ್ರು. ಕಾಪಾಡುವವನನ್ನು ಊರಿನವರು ಅರ್ಧ ಗೌರವದಿಂದ, ಅರ್ಧ ಹಾಸ್ಯದಿಂದ ‘ದೊರೆಗಳು’ ಎನ್ನುತ್ತಾರೆ.

ಮೊದಲ ಹೆಜ್ಜೆ: ದೊರೆಗೆ ಏನು ಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳಿ

ಬಹುಪಾಲು ಹಸ್ತಪ್ರತಿಗಳು ಸೋಲುವುದು ಇಲ್ಲಿಯೇ. ಬರೆಯುವವರು ಮನೆ, ಮಂಜು, ಲಾಟೀನು, ನಾಯಿ ಬೊಗಳುವ ಸದ್ದು ಎಲ್ಲವನ್ನೂ ಸಿದ್ಧಮಾಡಿಕೊಂಡು, ದೊರೆ ಏಕೆ ಹೀಗೆ ಮಾಡುತ್ತಾನೆ ಎಂಬ ಪ್ರಶ್ನೆಯನ್ನು ಕೊನೆಯ ಪುಟಕ್ಕೆ ತಳ್ಳಿಬಿಡುತ್ತಾರೆ. ಕೊನೆಯ ಪುಟದಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ‘ಅವನಿಗೆ ಹುಚ್ಚು’ ಎಂಬುದೇ.

ನನ್ನ ಮೊದಲ ಪ್ರತಿಯಲ್ಲಿ ದಾರಿಹೋಕನು ಜಮೀನು ಅಳೆಯುವ ಮೋಜಣಿದಾರನಾಗಿದ್ದ. ಭೂ ಸುಧಾರಣಾ ಕಾಯಿದೆಯ 1974ರ ತಿದ್ದುಪಡಿಯ ನಂತರ ಗೇಣಿದಾರರು ತಾವು ಉಳುವ ಭೂಮಿಯ ಒಡೆತನ ಕೋರಿ ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಗಳು ವಿಚಾರಣೆ ನಡೆಸುತ್ತಿದ್ದ ಕಾಲವದು. ಗದ್ದೆ ಕೈಬಿಡದಿರಲೆಂದು ದೊರೆಯು ಮೋಜಣಿದಾರನನ್ನು ಮನೆಯಲ್ಲಿ ತಡೆದಿಡುತ್ತಾನೆ ಎಂದು ಬರೆದೆ. ಕಾರಣ ಸರಿಯಾಗಿತ್ತು, ಲೆಕ್ಕ ಸರಿಯಾಗಿತ್ತು. ಕಥೆ ಮಾತ್ರ ಕಂದಾಯ ಕಚೇರಿಯ ಕಡತದಷ್ಟೇ ಆಯಿತು. ಒಬ್ಬ ಮೋಜಣಿದಾರ ಬಾರದಿದ್ದರೆ ಇಲಾಖೆ ಇನ್ನೊಬ್ಬನನ್ನು ಕಳಿಸುತ್ತದೆ, ಅಷ್ಟೆ. ಲಾಭಕ್ಕಾಗಿ ಸೆರೆಹಿಡಿದವನು ಲಾಭ ಮುಗಿದೊಡನೆ ಬಿಟ್ಟುಬಿಡುತ್ತಾನೆ, ಇಲ್ಲವೇ ಕೊಲ್ಲುತ್ತಾನೆ. ಎರಡೂ ಬೇರೆ ಜಾತಿಯ ಕಥೆಗಳು.

ಎರಡನೆಯ ಪ್ರತಿಗೆ ಕೂತಾಗ ಅದೇ ಕಾಲದ ಇನ್ನೊಂದು ಮುಖ ಕಣ್ಣಿಗೆ ಬಿತ್ತು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳು 1961ರ ಕಾಯಿದೆಯಿಂದ ಹೋದವು. ಗೇಣಿದಾರರು 1974ರ ನಂತರ ಒಡೆಯರಾಗತೊಡಗಿದರು. ಕಾಫಿ ತೋಟಗಳಿಗೆ ಭೂ ಸುಧಾರಣೆಯಿಂದ ವಿನಾಯಿತಿ ಇದ್ದುದರಿಂದ ದೊರೆಯ ಹಣಕ್ಕೆ ಕುಂದು ಬರಲಿಲ್ಲ. ಆದರೆ ಬೆಳಿಗ್ಗೆ ಜಗಲಿಯ ಕೆಳಗೆ ಕೈಕಟ್ಟಿ ನಿಂತು ‘ಅಯ್ಯಾ’ ಎನ್ನುವ ಜನ ಕಡಿಮೆಯಾದರು. ತೊಟ್ಟಿಮನೆ ಹಾಗೆಯೇ ಇದೆ, ಇಪ್ಪತ್ತು ಜನ ಕೂರುವ ಊಟದ ಸಾಲಿದೆ, ಗೋಡೆಯಲ್ಲಿ ಅಜ್ಜನ ಕೋವಿ ಇದೆ, ಕೇಳುವ ಕಿವಿ ಇಲ್ಲ. ಇಂಥವನ ಮನೆಗೆ ಮಳೆಯಲ್ಲಿ ನೆನೆದ, ತನ್ನ ಜೀವವನ್ನೇ ಇವನಿಂದ ಸಾಲವಾಗಿ ಪಡೆದ ಹುಡುಗನೊಬ್ಬ ಬಂದರೆ ಏನಾಗುತ್ತದೆ? ಆಳಲು ಪ್ರಜೆಗಳಿಲ್ಲದ ದೊರೆಗೆ ಒಬ್ಬ ಪ್ರಜೆ ಸಿಕ್ಕಹಾಗಾಗುತ್ತದೆ. ಇಷ್ಟು ತಿಳಿದ ಮೇಲೆ ದೊರೆಯ ಬಾಯಿಗೆ ಮಾತುಗಳು ತಾವಾಗಿಯೇ ಬಂದವು.

ವಂಶದ ನೆನಪನ್ನೂ ಸ್ವಲ್ಪ ಬೆರೆಸಬಹುದು. ಸಕಲೇಶಪುರದ ಸುತ್ತಣ ಮಂಜರಾಬಾದಿನ ಈ ಸೀಮೆಯನ್ನು ಐಗೂರಿನಲ್ಲಿ ನೆಲೆಸಿದ್ದ ಬಲಂ ಪಾಳೆಯಗಾರರು ಆಳುತ್ತಿದ್ದರು. 1802ರಲ್ಲಿ ಕಂಪನಿಯ ಸೈನ್ಯ ಕಾಡು ನುಗ್ಗಿ ಅಲ್ಲಿನ ದೊರೆಯನ್ನು ಹಿಡಿದು ಗಲ್ಲಿಗೇರಿಸಿತು. ನಿಮ್ಮ ದೊರೆ ಆ ಮನೆತನದ ದೂರದ ಕವಲು ತಾನೆಂದು ಹೇಳಿಕೊಳ್ಳಲಿ. ಅದು ನಿಜವೋ ಸುಳ್ಳೋ ಕಥೆಯಲ್ಲಿ ಇತ್ಯರ್ಥವಾಗಬೇಕಾಗಿಲ್ಲ. ಆದರೆ ಅವನು ಆ ಕಥೆಯನ್ನು ಹುಡುಗನಿಗೆ ಹೇಳುವ ರಾತ್ರಿ, ಸೆರೆಸಿಕ್ಕವನ ನೋವನ್ನು ಅವನು ಎಷ್ಟು ಚೆನ್ನಾಗಿ ಬಲ್ಲ ಎಂಬುದು ಓದುಗನಿಗೆ ತಿಳಿಯಬೇಕು.

ಎರಡನೆಯ ಹೆಜ್ಜೆ: ನಕ್ಷೆ ಬರೆಯಿರಿ, ಆದರೆ ದಾರಿಹೋಕನಿಗೆ ತೋರಿಸಬೇಡಿ

ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಯನ್ನು ಟಿಪ್ಪು ಸುಲ್ತಾನ್ 1792ರಲ್ಲಿ ನಕ್ಷತ್ರದ ಆಕಾರದಲ್ಲಿ ಕಟ್ಟಿಸಿದ. ಎಂಟು ಮೂಲೆಗಳ ಆ ಆಕಾರ ಮೇಲಿನಿಂದ ತೆಗೆದ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಳಗೆ ನಡೆದಾಡುವವನಿಗೆ ಮಾತ್ರ ಒಂದು ಗೋಡೆ, ಒಂದು ತಿರುವು, ಮತ್ತೊಂದು ಗೋಡೆ ಕಾಣುತ್ತವೆ. ನಿಮ್ಮ ಕಥೆಯ ಮನೆಯೂ ಹಾಗಿರಲಿ. ನಿಮ್ಮ ಮೇಜಿನ ಮೇಲೆ ಪೂರ್ತಿ ನಕ್ಷೆ ಇರಬೇಕು: ಡಾಂಬರು ರಸ್ತೆಯಿಂದ ತೋಟದ ಕಚ್ಚಾ ರಸ್ತೆ ಎಲ್ಲಿ ಒಡೆಯುತ್ತದೆ, ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಮರದ ಸಂಕ ಎಲ್ಲಿದೆ, ಅಡ್ಡ ಗಳುಗಳನ್ನು ಸರಿಸಿ ದಾಟುವ ಬೇಲಿಬಾಗಿಲಾದ ಉಣುಗೋಲು ಎಲ್ಲಿದೆ, ಕೂಲಿಯವರ ಸಾಲುಮನೆಗಳಾದ ಲೈನುಗಳು ಮನೆಯಿಂದ ಎಷ್ಟು ದೂರ, ಕಣ ಮತ್ತು ಗೋದಾಮು ಯಾವ ದಿಕ್ಕು, ಬಸ್ಸು ನಿಲ್ಲುವ ಕಡೆಗೆ ನಡೆದರೆ ಎಷ್ಟು ಹೊತ್ತು. ಕಥೆಯಲ್ಲಿ ಹುಡುಗನಿಗೆ ಇವು ತುಂಡುತುಂಡಾಗಿ ಸಿಗಲಿ. ಅವನನ್ನು ಕರೆತಂದದ್ದು ರಾತ್ರಿ, ಜೀಪಿನ ಹಿಂಬದಿಯಲ್ಲಿ, ಕಂಬಳಿ ಹೊದಿಸಿ. ಆದ್ದರಿಂದ ಬಂದ ದಾರಿ ಅವನಿಗೆ ಗೊತ್ತಿಲ್ಲ. ಕಂಬಳಿ ಹೊದಿಸಿದ್ದು ಚಳಿಗಾಗಿ.

ಮನೆಯನ್ನು ಪಾಳುಬೀಳಿಸಬೇಡಿ. ಜೇಡ ಕಟ್ಟಿದ ಮೂಲೆ, ಕಿರುಗುಟ್ಟುವ ಬಾಗಿಲು ಇವೆಲ್ಲ ಓದುಗನಿಗೆ ಮೊದಲೇ ಎಚ್ಚರಿಕೆ ಕೊಟ್ಟುಬಿಡುತ್ತವೆ. ಮಳೆಗಾಲದ ಮಲೆನಾಡಿನಲ್ಲಿ ಬೆಚ್ಚಗಿನ ಮನೆಗಿಂತ ದೊಡ್ಡ ಆಸೆ ಇನ್ನೊಂದಿಲ್ಲ. ಹಂಡೆಯ ನೀರು ಸದಾ ಕಾಯುತ್ತಿರುವ ಬಚ್ಚಲು, ಹೊಗೆಯ ವಾಸನೆ ಹಿಡಿದ ಒಣ ಪಂಚೆ, ಅಕ್ಕಿರೊಟ್ಟಿ ಬೇಯುವ ಸದ್ದು ಇದ್ದರೆ ಬಲೆಗೆ ಬೇರೆ ದಾರ ಬೇಕಾಗಿಲ್ಲ.

ಮೂರನೆಯ ಹೆಜ್ಜೆ: ದಿನಗಳನ್ನು ಮಳೆಯಿಂದ ಎಣಿಸಿ

ಸೆರೆಯ ಕಥೆಗೆ ಕಾಲದ ಲೆಕ್ಕ ತಪ್ಪುವುದು ಮುಖ್ಯ. ಅದಕ್ಕೆ ನಮ್ಮ ರೈತರ ಮಳೆ ನಕ್ಷತ್ರಗಳಷ್ಟು ಒದಗುವ ಸಾಧನ ಇನ್ನೊಂದಿಲ್ಲ. ಜೂನ್ ಮೂರನೆಯ ವಾರದ ಹೊತ್ತಿಗೆ ಆರಿದ್ರಾ, ಜುಲೈ ಮೊದಲ ವಾರಕ್ಕೆ ಪುನರ್ವಸು, ಜುಲೈ 20ರ ಆಸುಪಾಸಿಗೆ ಪುಷ್ಯ, ಆಗಸ್ಟ್ ಆರಂಭಕ್ಕೆ ಆಶ್ಲೇಷ, ಆಗಸ್ಟ್ ನಡುವಿಗೆ ಮಘಾ: ಒಂದೊಂದು ಮಳೆಗೂ ಸುಮಾರು 14 ದಿನ. ಹುಡುಗನು ತಾರೀಖಿನಲ್ಲಿ ಯೋಚಿಸುತ್ತಾನೆ, ಏಕೆಂದರೆ ಅವನ ಆದೇಶಪತ್ರದಲ್ಲಿ ಹದಿನೈದು ದಿನದೊಳಗೆ ಹಾಜರಾಗಬೇಕೆಂದಿದೆ. ದೊರೆ ಮಳೆಯಲ್ಲಿ ಮಾತಾಡುತ್ತಾನೆ: ‘ಪುನರ್ವಸು ಕಳೆಯಲಿ, ಹಳ್ಳ ಇಳಿಯುತ್ತದೆ.’ ಪುನರ್ವಸು ಕಳೆದ ಮೇಲೆ ಪುಷ್ಯ ಹಿಡಿಯುತ್ತದೆ, ಅದರಲ್ಲಿ ದೊರೆಯ ತಪ್ಪೇನೂ ಇಲ್ಲ. ಹುಡುಗನು ‘ಇವತ್ತು ಎಷ್ಟನೆಯ ತಾರೀಖು?’ ಎಂದು ಕೇಳುವುದನ್ನು ಬಿಟ್ಟು ‘ಇದು ಯಾವ ಮಳೆ?’ ಎಂದು ಕೇಳುವ ದಿನ ಕಥೆಯ ಅರ್ಧ ಮುಗಿದಿರುತ್ತದೆ.

ಋತುವಿನ ಇನ್ನೊಂದು ಉಪಕಾರವೂ ಉಂಟು. ಅರೇಬಿಕಾ ಕಾಫಿ ಹಣ್ಣಿನ ಕೊಯ್ಲು ಚಳಿಗಾಲದಲ್ಲಿ, ಗಿಡವನ್ನು ಹೂಬಿಡಿಸುವ ಹೂಮಳೆ ಬೇಸಿಗೆಯ ಬಾಗಿಲಲ್ಲಿ. ಆಗೆಲ್ಲ ತೋಟದ ತುಂಬ ಜನ. ಸುರಿಯುವ ಜುಲೈಯಲ್ಲಿ ಹೊರಗಿನಿಂದ ಬಂದ ಕೊಯ್ಲಿನ ಆಳುಗಳು ಇರುವುದಿಲ್ಲ. ಮನೆ ಖಾಲಿ ಏಕೆ ಎಂಬುದಕ್ಕೆ ನೀವು ಪ್ರತ್ಯೇಕ ಕಾರಣ ಕೊಡಬೇಕಾಗಿಲ್ಲ. 1975ರ ಜೂನ್ ಕೊನೆಯಲ್ಲಿ ತುರ್ತುಪರಿಸ್ಥಿತಿ ಬಂತು ಎಂಬುದನ್ನು ರೇಡಿಯೋದಲ್ಲಿ ಒಂದು ಸಲ ಕೇಳಿಸಿ ಸುಮ್ಮನಾಗಿ. ಅದನ್ನು ರೂಪಕ ಮಾಡಲು ಹೊರಟರೆ ಮನೆಯೊಳಗಿನ ಸಣ್ಣ ಸದ್ದುಗಳು ಕೇಳಿಸದೆ ಹೋಗುತ್ತವೆ.

ನಾಲ್ಕನೆಯ ಹೆಜ್ಜೆ: ದಾರಿಹೋಕನಿಗೆ ದಾಕ್ಷಿಣ್ಯ ಕೊಡಿ

ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂಬ ಗಾದೆಯನ್ನು ಈ ಹುಡುಗನ ಹಣೆಯ ಮೇಲೆ ಬರೆಯಬೇಕು. ಅವನು ಹೇಡಿಯಾಗಿರಬಾರದು, ದಡ್ಡನೂ ಆಗಿರಬಾರದು. ಜೀವ ಉಳಿಸಿದವರ ಮುಂದೆ ‘ನಾನು ಹೊರಡುತ್ತೇನೆ’ ಎಂಬ ಎರಡು ಪದ ಹೇಳಲು ನಾಲಿಗೆ ಏಳದ ಒಳ್ಳೆಯ ಮನೆಯ ಹುಡುಗನಾಗಿರಬೇಕು. ಬಯಲುಸೀಮೆಯವನಾದ್ದರಿಂದ ಮಲೆನಾಡಿನ ಮಳೆ, ಇಂಬಳ (ಜಿಗಣೆ), ಹಳ್ಳ ಏರುವ ಲೆಕ್ಕ ಯಾವುದೂ ಅವನಿಗೆ ತಿಳಿಯದು. ಪ್ರತಿಯೊಂದಕ್ಕೂ ದೊರೆಯ ಮಾತನ್ನೇ ನಂಬಬೇಕು. ಹಾಸನ ಒಂದೇ ಜಿಲ್ಲೆಯಲ್ಲಿ ಎರಡು ಸೀಮೆಗಳನ್ನು ಇಟ್ಟುಕೊಂಡಿರುವುದು ನಮ್ಮಂಥ ಬರೆಯುವವರ ಪುಣ್ಯ.

ಐದನೆಯ ಹೆಜ್ಜೆ: ಕಾಪಾಡಿದ್ದು ನಿಜವಾಗಿರಲಿ

ಸಂಕವನ್ನು ದೊರೆಯೇ ಕಡಿಸಿದ್ದ ಎಂದು ಕೊನೆಯಲ್ಲಿ ಬಯಲುಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಆ ಆಸೆಯನ್ನು ಬಿಡಿ. ಅಪಘಾತವೇ ಸುಳ್ಳಾದರೆ ಹುಡುಗನ ಋಣವೂ ಸುಳ್ಳಾಗುತ್ತದೆ, ಅವನು ಕೋಪಗೊಂಡು ಎದ್ದು ಹೋಗಬಹುದು. ಹಳ್ಳದ ನೀರು ಅವನನ್ನು ನಿಜವಾಗಿ ಎಳೆದಿರಬೇಕು. ಐವತ್ತು ದಾಟಿದ ದೊರೆ ಸೊಂಟದುದ್ದ ನೀರಿಗಿಳಿದು, ತನ್ನ ಜೀವವನ್ನೂ ಲೆಕ್ಕಿಸದೆ ಅವನ ಕಾಲರು ಹಿಡಿದು ಎಳೆದಿರಬೇಕು. ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರಿನಲ್ಲಿ ಸಳನು ಹುಲಿಯನ್ನು ಹೊಡೆದು ಮುನಿಯನ್ನು ಕಾಪಾಡಿದ ಐತಿಹ್ಯದಿಂದಲೇ ಒಂದು ರಾಜವಂಶದ ಹೆಸರು ಹುಟ್ಟಿತೆನ್ನುತ್ತಾರೆ. ಕಾಪಾಡಿದವನು ದೊರೆಯಾಗುವುದು ಈ ನೆಲಕ್ಕೆ ಸಹಜವಾದ ನ್ಯಾಯ, ನಿಮ್ಮ ದೊರೆಗೂ ಅದು ಸಹಜವಾಗಿಯೇ ಕಾಣಬೇಕು.

ಆರನೆಯ ಹೆಜ್ಜೆ: ಮೋಹಕತೆಯನ್ನು ಕೆಲಸದಲ್ಲಿ ತೋರಿಸಿ

‘ಅವರ ನಗುವಿನಲ್ಲಿ ಏನೋ ಆಕರ್ಷಣೆಯಿತ್ತು’ ಎಂದು ಬರೆದರೆ ಓದುಗ ನಂಬುವುದಿಲ್ಲ. ಯಕ್ಷಗಾನದಲ್ಲಿ ರಾವಣನಿಗೂ ಭರ್ಜರಿ ಒಡ್ಡೋಲಗವಿರುತ್ತದೆ. ಚೆಂಡೆಯ ಪೆಟ್ಟಿಗೆ ಅವನು ಕುಣಿಯುವಾಗ ಇವನು ಸೀತೆಯನ್ನು ಕದಿಯಲಿರುವವನೆಂದು ನಾವು ಮರೆಯುತ್ತೇವೆ. ನಿಮ್ಮ ದೊರೆಗೂ ಅಷ್ಟೇ ಪೂರ್ಣವಾದ ಪ್ರವೇಶ ಕೊಡಿ, ಆದರೆ ಸಣ್ಣ ಕೆಲಸಗಳಲ್ಲಿ. ಹುಡುಗನ ಕಾಲಿಗೆ ಹತ್ತಿದ ಇಂಬಳಗಳನ್ನು ದೊರೆಯೇ ಕೂತು, ಸುಣ್ಣ ತಂಬಾಕಿನ ಬಟ್ಟೆ ಮುಟ್ಟಿಸಿ ಒಂದೊಂದಾಗಿ ಬಿಡಿಸುತ್ತಾನೆ. ಕಚ್ಚಿದ್ದು ಗೊತ್ತೇ ಆಗಲಿಲ್ಲವಲ್ಲ ಎಂದು ಹುಡುಗ ಬೆರಗಾದಾಗ, ‘ಗೊತ್ತಾಗದ ಹಾಗೆ ಕಚ್ಚುವುದೇ ಅದರ ಜಾಣತನ, ರಕ್ತ ನಿಲ್ಲಲು ಹೊತ್ತಾಗುತ್ತದೆ, ಹೆದರಬೇಡಿ’ ಎನ್ನುತ್ತಾನೆ. ಇದಕ್ಕೆ ಮೇಲೆ ಒಂದು ಪದವನ್ನೂ ಸೇರಿಸಬೇಡಿ.

ಮೂರನೆಯ ದಿನದ ದೃಶ್ಯ ನನಗೆ ಇಡೀ ಕಥೆಯಲ್ಲಿ ಪ್ರಿಯವಾದದ್ದು. ಆ ಮನೆಯಲ್ಲಿ ಅಕ್ಕಿರೊಟ್ಟಿ, ಕಡುಬು, ಕಳಲೆ ಪಲ್ಯ ಬಿಟ್ಟರೆ ಬೇರೆ ಅಡುಗೆ ಕಡಿಮೆ. ರಾಗಿಮುದ್ದೆ ಉಂಡು ಬೆಳೆದ ಹುಡುಗನು ಏನೂ ಹೇಳಿಕೊಂಡಿಲ್ಲ, ರೊಟ್ಟಿಯನ್ನು ಚಿಕ್ಕ ತುಂಡುಗಳಾಗಿ ಮುರಿಯುವುದನ್ನು ದೊರೆ ನೋಡಿದ್ದಾನೆ, ಅಷ್ಟೆ. ಆ ರಾತ್ರಿ ತಟ್ಟೆಯಲ್ಲಿ ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಅಡುಗೆಯ ಅಕ್ಕನಿಗೆ ಮುದ್ದೆ ಕಟ್ಟಿ ಅಭ್ಯಾಸವಿಲ್ಲದೆ ಅದು ಸ್ವಲ್ಪ ಗಂಟುಗಂಟಾಗಿದೆ. ಹುಡುಗ ತಲೆ ಎತ್ತದೆ ಉಣ್ಣುತ್ತಾನೆ, ಸಾರಿನ ಹಬೆಯಲ್ಲಿ ಅವನ ಕಣ್ಣು ಮಂಜಾಗುತ್ತದೆ. ದೊರೆ ಎದುರಿಗೆ ಕೂತು ತಾನೂ ಒಂದು ತುತ್ತು ಮುರಿದು, ನುಂಗಲು ಬಾರದೆ ನಗುತ್ತಾನೆ. ಓದುಗ ಇಲ್ಲಿ ದೊರೆಯನ್ನು ಪ್ರೀತಿಸಬೇಕು. ಪ್ರೀತಿಸದಿದ್ದರೆ ಮುಂದಿನ ಪುಟಗಳಲ್ಲಿ ಅವನಿಗೆ ನಷ್ಟವೇನೂ ಇರುವುದಿಲ್ಲ.

ಏಳನೆಯ ಹೆಜ್ಜೆ: ಉಪಕಾರಗಳ ಖಾತೆ ತೆರೆಯಿರಿ

ಹಲವು ವರ್ಷಗಳ ಹಿಂದೆ ಕೊಟ್ಟಿಗೆಹಾರದ ಆಚೆ ನಾನಿದ್ದ ಬಸ್ಸು ಕೆಟ್ಟು ನಿಂತ ರಾತ್ರಿ, ತೋಟದ ಮನೆಯೊಂದರ ಹಿರಿಯರು ನನ್ನನ್ನು ಒಳಗೆ ಕರೆದು ಮಲಗಲು ಜಾಗ ಕೊಟ್ಟರು. ಬೆಳಿಗ್ಗೆ ಎದ್ದು ನೋಡಿದರೆ ಜಗಲಿಯಲ್ಲಿ ನನ್ನ ಚಪ್ಪಲಿ ಇಲ್ಲ. ಕೇಳಲು ಸಂಕೋಚ, ಬರಿಗಾಲಲ್ಲಿ ಅಂಗಳಕ್ಕಿಳಿಯಲು ಇಂಬಳದ ಹೆದರಿಕೆ. ಹತ್ತು ನಿಮಿಷ ಹಾಗೆಯೇ ಕಂಬ ಹಿಡಿದು ನಿಂತಿದ್ದೆ. ಒಣಗಲೆಂದು ಅವರು ಅದನ್ನು ಬಚ್ಚಲ ಒಲೆಯ ಪಕ್ಕ ಇಟ್ಟಿದ್ದರು. ಅವರಷ್ಟು ಒಳ್ಳೆಯವರನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ; ಆದರೂ ಆ ಹತ್ತು ನಿಮಿಷದಿಂದ ಈ ಕಥೆ ಹುಟ್ಟಿತು.

ಒಂದು ಪುಸ್ತಕದಲ್ಲಿ ಎರಡು ಕಾಲಂ ಹಾಕಿ. ಎಡಗಡೆ ದೊರೆ ಮಾಡಿದ ಉಪಕಾರ, ಬಲಗಡೆ ಅದೇ ವಸ್ತು ಮುಂದೆ ಹೇಗೆ ಬಂಧನವಾಗುತ್ತದೆ ಎಂಬುದು. ನೆನೆದ ಬಟ್ಟೆಯನ್ನು ಒಣಹಾಕಿ ಹುಡುಗನಿಗೆ ತನ್ನ ತಂದೆಯ ಪಂಚೆ, ಅಂಗಿ ಕೊಡುತ್ತಾನೆ. ಪುಷ್ಯ ಮಳೆಯಲ್ಲಿ ಪ್ಯಾಂಟು ಒಣಗುವುದೇ ಇಲ್ಲ, ಇದನ್ನು ಮಲೆನಾಡಿನ ಯಾರನ್ನು ಬೇಕಾದರೂ ಕೇಳಿ. ಉಳುಕಿದ ಕಾಲಿಗೆ ಎಣ್ಣೆ ಹಚ್ಚಿ ಪಟ್ಟಿ ಕಟ್ಟುತ್ತಾನೆ; ಪಟ್ಟಿ ಬಿಚ್ಚುವ ದಿನವನ್ನು ಗೊತ್ತುಮಾಡುವವನೂ ಅವನೇ. ನೇಮಕಾತಿಯ ಆದೇಶ ನೀರು ಕುಡಿದು ಮೆತ್ತಗಾಗಿದೆ. ಅದನ್ನು ಹಳೆಯ ಲೆಕ್ಕದ ಪುಸ್ತಕದ ಹಾಳೆಗಳ ನಡುವೆ ಹಾಕಿ, ಮೇಲೆ ಇಸ್ತ್ರಿಪೆಟ್ಟಿಗೆ ಹೇರಿ, ಒಣಗಿದ ಮೇಲೆ ‘ಇಲಿಯ ಬಾಯಿಗೆ ಬೀಳದಿರಲಿ’ ಎಂದು ಕಬ್ಬಿಣದ ಬೀರುವಿನಲ್ಲಿ ಇಡುತ್ತಾನೆ. ತಾಯಿಗೆ ಬರೆದ ಕಾಗದವನ್ನು ತೋಟದ ಲೆಕ್ಕ ಬರೆಯುವ ರೈಟರ್ ಕೈಯಲ್ಲಿ ಅಂಚೆಗೆ ಕಳಿಸುತ್ತಾನೆ; ಉತ್ತರ ಬರುವುದೂ ಅದೇ ಕೈಯಿಂದ. ಕಚೇರಿಗೆ ತಾನೇ ರಜೆಯ ಅರ್ಜಿ ಬರೆಸಿ ಹುಡುಗನ ಸಹಿ ಪಡೆಯುತ್ತಾನೆ, ಅದರಲ್ಲಿ ಎಷ್ಟು ದಿನವೆಂಬ ಜಾಗ ಖಾಲಿ ಇರುತ್ತದೆ.

ಈ ಖಾತೆಗೆ ಎರಡು ನಿಯಮಗಳು. ಉಪಕಾರ ಮಾಡಿದ ದೃಶ್ಯದಲ್ಲಿಯೇ ಅದು ಬಂಧನವಾಗಬಾರದು, ನಡುವೆ ಕನಿಷ್ಠ ಎರಡು ದೃಶ್ಯ ಕಳೆಯಬೇಕು. ಓದುಗ ಬೀರುವನ್ನು ಮರೆತಿರಬೇಕು. ಎರಡನೆಯದು, ಯಾವ ಉಪಕಾರವನ್ನಾದರೂ ಕಥೆಯಿಂದ ಹೊರಗೆ ತೆಗೆದು ನೋಡಿದರೆ ಅದು ಉಪಕಾರವಾಗಿಯೇ ಕಾಣಬೇಕು. ದೊರೆಯನ್ನು ಕಟಕಟೆಗೆ ತಂದು ನಿಲ್ಲಿಸಿದರೆ ಅವನ ಮೇಲೆ ಹೊರಿಸಲು ಒಂದು ಆರೋಪವೂ ಸಿಗಬಾರದು. ನನ್ನ ಎರಡನೆಯ ಪ್ರತಿಯನ್ನು ಹರಿದದ್ದು ಇದೇ ಕಾರಣಕ್ಕೆ: ಅದರಲ್ಲಿ ದೊರೆ ಕಾಗದಗಳನ್ನು ಒಲೆಗೆ ಹಾಕುತ್ತಿದ್ದ. ಅಷ್ಟು ಸಾಕಿತ್ತು, ಅವನು ಕಳ್ಳನಾದ, ಹುಡುಗ ಬರಿಯ ಮೋಸಹೋದವನಾದ. ಮೂರನೆಯ ಪ್ರತಿಯಲ್ಲಿ ಕಾಗದಗಳು ಹೋಗುತ್ತವೆ, ಉತ್ತರಗಳೂ ಬರುತ್ತವೆ; ದೊಡ್ಡವರ ಆಸರೆ ಸಿಕ್ಕಿತಲ್ಲ, ಅವರು ಹೇಳಿದ ಹಾಗೆ ಕೇಳಿಕೊಂಡಿರು ಎಂದು ತಾಯಿ ಬರೆಸಿರುತ್ತಾಳೆ. ಅದನ್ನು ಓದಿದ ಹುಡುಗನಿಗೆ ಕಾಗದ ಸುಟ್ಟಿದ್ದರೇ ಒಳ್ಳೆಯದಿತ್ತು ಎನಿಸಬೇಕು.

ಎಂಟನೆಯ ಹೆಜ್ಜೆ: ‘ನೀವು’ ಎಂಬುದು ‘ನೀನು’ ಆಗುವ ದಿನವನ್ನು ಆರಿಸಿ

ಈ ಸೌಲಭ್ಯವನ್ನು ಬಳಸದೆ ಬಿಡುವ ಕನ್ನಡ ಲೇಖಕರನ್ನು ಕಂಡರೆ ನನಗೆ ಆಶ್ಚರ್ಯ. ದೊರೆ ಮೊದಲ ರಾತ್ರಿಯಿಂದ ಹುಡುಗನನ್ನು ‘ಮೇಷ್ಟ್ರೇ, ನೀವು’ ಎಂದು ಕರೆಯಲಿ. ಇಪ್ಪತ್ತೆರಡರ ಹುಡುಗನಿಗೆ ಅಂಥ ಮರ್ಯಾದೆ ಹಿಂದೆಂದೂ ಸಿಕ್ಕಿಲ್ಲ. ಜ್ವರ ಬಂದ ರಾತ್ರಿ ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತಾ ದೊರೆ ‘ಮಲಗು, ನೀನು ಏಳಬೇಡ’ ಎನ್ನುತ್ತಾನೆ. ಹುಡುಗನಿಗೆ ಅದು ಅಪ್ಪನ ಮಾತಿನಂತೆ ಹಿತವಾಗಿ ಕೇಳುತ್ತದೆ. ಜ್ವರ ಬಿಟ್ಟ ಮೇಲೆ ‘ನೀವು’ ಮರಳಿ ಬರುವುದಿಲ್ಲ. ಹುಡುಗನಂತೂ ಉದ್ದಕ್ಕೂ ‘ತಾವು’ ಎಂದೇ ಹೇಳುತ್ತಿರುತ್ತಾನೆ. ಇದನ್ನು ವಿವರಿಸುವ ಸಾಲು ಬರೆಯುವ ಅಗತ್ಯವಿಲ್ಲ, ಕನ್ನಡ ಬಲ್ಲವನ ಕಿವಿ ಇದನ್ನು ತಾನೇ ಹಿಡಿಯುತ್ತದೆ.

ಒಂಬತ್ತನೆಯ ಹೆಜ್ಜೆ: ಗೊತ್ತಾಗುವ ಗಳಿಗೆ

ಬಾಗಿಲಿಗೆ ಬೀಗ ಬಿದ್ದಿರುವುದನ್ನು ನೋಡಿ ಹುಡುಗನಿಗೆ ಅರಿವಾಯಿತು ಎಂದು ಬರೆಯುವುದು ಸುಲಭ, ಹಾಗಾಗಿಯೇ ಅದು ಬೇಡ. ಬೀಗವಿಲ್ಲದೆಯೂ ಬಂಧನ ಸಾಧ್ಯವೆಂಬುದನ್ನು ಕಾನೂನೇ ಒಪ್ಪಿದೆ. 1860ರ ಭಾರತೀಯ ದಂಡಸಂಹಿತೆಯ 340ನೆಯ ಕಲಮು ಅಕ್ರಮ ಬಂಧನಕ್ಕೆ ಕೊಡುವ ಉದಾಹರಣೆಗಳಲ್ಲಿ ಒಂದು ಹೀಗಿದೆ: ಒಬ್ಬನು ಕಟ್ಟಡದ ಹೊರದಾರಿಗಳಲ್ಲಿ ಬಂದೂಕಿನವರನ್ನು ನಿಲ್ಲಿಸಿ, ಹೊರಗೆ ಹೋದರೆ ಹೊಡೆಯುತ್ತಾರೆ ಎಂದು ಒಳಗಿರುವವನಿಗೆ ಹೇಳಿದರೆ, ಅದೂ ಬಂಧನವೇ. ಬಾಗಿಲು ತೆರೆದಿದ್ದರೂ ಸರಿಯೇ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 127ನೆಯ ಕಲಮಿನಲ್ಲಿದೆ. ಇಂದಿನ ಕಾಲದ ಕಥೆ ಬರೆಯುವವರು ಅದನ್ನು ಗಮನಿಸಬೇಕು; ಅವರ ದಾರಿಹೋಕನ ಜೇಬಿನ ಮೊಬೈಲಿಗೆ ಸಿಗ್ನಲ್ ಇಲ್ಲದ ಗುಡ್ಡವನ್ನೂ ಹುಡುಕಿಕೊಳ್ಳಬೇಕು, ಈ ಕಡೆ ಅದಕ್ಕೆ ಕೊರತೆಯಿಲ್ಲ. ನಮ್ಮ ದೊರೆಯಂತೂ ಕೋವಿಯನ್ನು ಗೋಡೆಯಿಂದ ಇಳಿಸುವುದೇ ಇಲ್ಲ. ‘ಸಂಕದ ಹತ್ತಿರ ಆನೆ ಬಂದಿದೆಯಂತೆ’ ಎನ್ನುತ್ತಾನೆ. ಸಕಲೇಶಪುರದ ಕಡೆ ಆನೆ ಬರುವುದು ಸುಳ್ಳಿನ ಮಾತಲ್ಲ, ಆದ್ದರಿಂದ ಪರೀಕ್ಷಿಸಲು ಯಾರೂ ಹೋಗುವುದಿಲ್ಲ.

ಅರಿವು ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಆಗಲಿ. ಅಡುಗೆಯ ಅಕ್ಕ ‘ತಮ್ಮಾ, ಆ ಮೊರ ತಗೊಂಡ್ ಬಾರಪ್ಪ’ ಎಂದು ಕಳಿಸುತ್ತಾಳೆ. ಮೊರದ ಹಿಂದೆ ಗೋಣಿಚೀಲಗಳು ನಿಂತಿವೆ, ಅವುಗಳಲ್ಲಿ ಒಂದರ ಬಾಯಿ ಬಿಚ್ಚಿದೆ, ಅದರಲ್ಲಿ ರಾಗಿ. ಮೂರನೆಯ ದಿನ ತರಿಸಿದ್ದು ಅದು. ಒಂದು ಹೊತ್ತಿನ ಮುದ್ದೆಗೆ ಒಂದು ಸೇರು ಹಿಟ್ಟು ಬೇಕಾದಷ್ಟಾಗುತ್ತಿತ್ತು. ದೊರೆ ತರಿಸಿದ್ದು ಮೂಟೆಗಟ್ಟಲೆ. ಹುಡುಗ ಬೆರಳಿನಿಂದ ಎಣಿಸುತ್ತಾನೆ. ನಾಲ್ಕು ಮೂಟೆ. ಆ ಮನೆಯಲ್ಲಿ ಮುದ್ದೆ ಉಣ್ಣುವವನು ತಾನೊಬ್ಬನೇ. ಅವನು ಮೊರ ಹಿಡಿದುಕೊಂಡು ಹೊರಗೆ ಬರುತ್ತಾನೆ, ಯಾರಿಗೂ ಏನೂ ಹೇಳುವುದಿಲ್ಲ, ಆ ರಾತ್ರಿ ಮುದ್ದೆಯನ್ನು ಪೂರ್ತಿ ಉಣ್ಣುತ್ತಾನೆ.

ಹತ್ತನೆಯ ಹೆಜ್ಜೆ: ಮನೆಯ ಉಳಿದವರು

ಹಿಂದೆಯೂ ಒಬ್ಬ ಅತಿಥಿ ಬಂದಿದ್ದ ಎಂಬುದು ಇಂಥ ಕಥೆಗಳಲ್ಲಿ ಬಂದೇ ಬರುತ್ತದೆ, ಸಾಮಾನ್ಯವಾಗಿ ಮೂಳೆಯಾಗಿ ಅಥವಾ ಅಟ್ಟದ ಮೇಲಿನ ಟ್ರಂಕಾಗಿ. ನಾನು ಅವನನ್ನು ಜೀವಂತ ಇಟ್ಟೆ. ತೋಟದ ರೈಟರ್, ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು ಬಟವಾಡೆಯ ಪುಸ್ತಕಕ್ಕೆ ಗೆರೆ ಎಳೆಯುತ್ತಿರುವವರು, ತಲೆ ಎತ್ತದೆ ಹೇಳುತ್ತಾರೆ: ‘ನಾನೂ ಒಂದ್ ವಾರಕ್ಕೆ ಅಂತ ಬಂದೋನೇ, ಇವರ ತಂದೆ ಕಾಲದಲ್ಲಿ. ಲೆಕ್ಕ ನೋಡಿ ಹೋಗೋಣ ಅಂತ.’ ಗೆರೆ ನೇರವಾಗಿ ಬಂದಿದೆಯೇ ಎಂದು ನೋಡಿ, ರೂಲುದೊಣ್ಣೆ ಉರುಳಿಸಿ, ಮುಂದಿನ ಗೆರೆ ಎಳೆಯುತ್ತಾರೆ. ಅವರ ದನಿಯಲ್ಲಿ ದುಃಖ ಇರಬಾರದು. ಲೈನಿನಲ್ಲಿರುವ ಕೂಲಿಯವರು ಮುಂಗಡ ಹಣ ತೀರದೆ ತೋಟ ಬಿಡಲಾಗದವರು. ಜೀತವನ್ನು ರದ್ದುಮಾಡಿದ ಕಾಯಿದೆ ಬಂದದ್ದು 1976ರಲ್ಲಿ. ಅವರಿಗೆ ಮೇಷ್ಟ್ರ ಸ್ಥಿತಿ ಮೊದಲ ದಿನವೇ ಅರ್ಥವಾಗಿರುತ್ತದೆ, ಅವರು ಅದನ್ನು ದೊಡ್ಡ ಸುದ್ದಿಯೆಂದು ಭಾವಿಸುವುದಿಲ್ಲ. ಅವರನ್ನು ಹಿನ್ನೆಲೆಯಲ್ಲಿ ಇರಿಸಿ, ಆದರೆ ಒಂದು ನೋಟವನ್ನಾದರೂ ಅವರಿಗೆ ಕೊಡಿ.

ಹನ್ನೊಂದನೆಯ ಹೆಜ್ಜೆ: ಬಾಗಿಲು ತೆರೆಯುವುದು

ಓಡಿಹೋಗುವ ಅಂತ್ಯ, ಸಾಯುವ ಅಂತ್ಯ, ಪೊಲೀಸರು ಬರುವ ಅಂತ್ಯ ಇವುಗಳನ್ನೆಲ್ಲ ನಾನು ಬರೆದು ನೋಡಿದ್ದೇನೆ, ಯಾವುದೂ ರಾಗಿಯ ಮೂಟೆಯಷ್ಟು ಭಾರವಾಗಲಿಲ್ಲ. ಮಘಾ ಮಳೆ ಮುಗಿದು ಬಿಸಿಲು ಬಿದ್ದ ಬೆಳಿಗ್ಗೆ ದೊರೆಯೇ ಬೀರು ತೆಗೆದು, ಇಸ್ತ್ರಿಯಾದ ಆದೇಶಪತ್ರವನ್ನೂ ಒಣಗಿದ ಪ್ಯಾಂಟನ್ನೂ ಜಗಲಿಯಲ್ಲಿ ತಂದಿಡಲಿ. ‘ಹೊರಡು, ಹತ್ತೂವರೆಗೆ ಬಸ್ಸು’ ಎನ್ನಲಿ. ಅವನ ದನಿ ಒಂದು ಕ್ಷಣ ನಡುಗಿದರೂ ತಪ್ಪಿಲ್ಲ, ಅವನ ಪ್ರೀತಿಯೂ ಸುಳ್ಳಲ್ಲವಲ್ಲ. ಹುಡುಗ ಪ್ಯಾಂಟು ಹಾಕಿಕೊಳ್ಳುತ್ತಾನೆ, ಸೊಂಟಕ್ಕೆ ಅದು ಬಿಗಿಯಾಗಿದೆ. ಅಂಗಳ ದಾಟಿ, ಉಣುಗೋಲಿನ ಗಳುಗಳನ್ನು ಒಂದೊಂದಾಗಿ ಸರಿಸಿ, ಸಂಕದ ತನಕ ಹೋಗುತ್ತಾನೆ. ಅಲ್ಲಿ ಬಸ್ಸಿನ ಹಾರನ್ನು ಕೇಳಿಸುತ್ತದೆ.

ಮುಂದಿನದನ್ನು ನಾನು ಮೂರು ಸಾಲಿನಲ್ಲಿ ಮುಗಿಸಿದ್ದೇನೆ, ನೀವು ಇನ್ನೂ ಕಡಿಮೆಯಲ್ಲಿ ಮುಗಿಸಬಹುದು. ಹಿಂದಿರುಗಿ ಬರುವಾಗ ಹುಡುಗನು ಉಣುಗೋಲಿನ ಗಳುಗಳನ್ನು ಮತ್ತೆ ಜೋಡಿಸುತ್ತಾನೆ, ದನ ನುಗ್ಗಬಾರದಲ್ಲ ಎಂದು. ಅಡುಗೆಮನೆಯ ಹೊಗೆ ಹೆಂಚಿನ ಸಂದಿಯಿಂದ ಏಳುತ್ತಿರುತ್ತದೆ. ಅಕ್ಕ ಒಳಗಿನಿಂದ, ಯಾರು ಬಂದರೆಂದು ತಿರುಗಿಯೂ ನೋಡದೆ, ‘ಮುದ್ದೆಗೆ ಎಸರಿಡ್ಲಾ ತಮ್ಮಾ?’ ಎಂದು ಕೇಳುತ್ತಾಳೆ.